ಮುರುಗೇಶಪ್ಪನವರು ಕಿಟಕಿ ಕಡೆ ನೋಡಿದ್ದು

ಸತ್ತವರ ಮೇಲೆ ಸೇಡು ತೀರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತು. ಅದೂ ಕದ್ದುಮುಚ್ಚಿ ಅಲ್ಲ, ಸಂಘದ ಸರ್ವಾನುಮತದ ಠರಾವಿನ ಪ್ರಕಾರ.

ನಾನು ನಾಗಭೂಷಣ್. ಬಳೇಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಸಗಟು ಬಳೆ ಅಂಗಡಿ, ಮನೆ ಗವಿಪುರಂನಲ್ಲಿ. ನಮ್ಮ ಬಳೆ ವರ್ತಕರ ಸಂಘಕ್ಕೆ ಚಾಮರಾಜಪೇಟೆಯಲ್ಲಿ ಒಂದು ಹಾಲ್ ಇದೆ, ಮಹಡಿ ಮೇಲೆ. ಗತಿಸಿದ ಅಧ್ಯಕ್ಷರ ಚಿತ್ರವನ್ನು ಆ ಹಾಲಿನ ಗೋಡೆಗೆ ಹಾಕುವುದು ಪದ್ಧತಿ. ಫೋಟೋ ನಡೆಯುವುದಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ಕೂತಂತೆ, ಪೇಟದಿಂದ ಪಾದದವರೆಗೆ ಪೆನ್ಸಿಲಿನಲ್ಲೇ ಬಿಡಿಸಿರಬೇಕು. ಸಂಘ ಕಟ್ಟಿದವರು ಹಾಗೆ ಶುರುಮಾಡಿದರು, ಆಮೇಲೆ ಬಂದವರಿಗೆ ಬದಲಾಯಿಸುವ ಧೈರ್ಯ ಬರಲಿಲ್ಲ. ಈ ಕಥೆ ಶುರುವಾದಾಗ ಗೋಡೆಯ ಮೇಲೆ ಮೂವರಿದ್ದರು. ಮೊದಲನೆಯವರು ದಪ್ಪ ಪುಸ್ತಕದ ಮೇಲೆ ಕೈಯಿಟ್ಟಿದ್ದಾರೆ. ಅವರು ಪಂಚಾಂಗ ಬಿಟ್ಟು ಬೇರೇನನ್ನೂ ಓದಿದ್ದನ್ನು ಯಾರೂ ಕಂಡಿಲ್ಲ. ಎರಡನೆಯವರ ಕೈಯಲ್ಲಿ ಬೆಳ್ಳಿ ಹಿಡಿಯ ಕೋಲಿದೆ. ಅವರ ಕಾಲು ಗಟ್ಟಿಮುಟ್ಟಾಗಿತ್ತು, ಕೋಲು ಕಲಾವಿದನದು. ಮೂರನೆಯವರು ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದಾರೆ. ದಾನಬುದ್ಧಿಯ ಭಂಗಿಯಂತೆ. ಅವರಿಗೆ ಗ್ಯಾಸ್ಟ್ರಿಕ್ ಇತ್ತು ಎಂದು ನಮ್ಮ ತಂದೆ ಹೇಳುತ್ತಿದ್ದರು.

ನಾಲ್ಕನೆಯವರಾಗಿ ಗೋಡೆ ಏರಬೇಕಾದವರು ಮುರುಗೇಶಪ್ಪ. ಇಪ್ಪತ್ತಾರು ವರ್ಷ ಅಧ್ಯಕ್ಷರಾಗಿದ್ದು ಈ ವರ್ಷ ಆಷಾಢದಲ್ಲಿ ಲಿಂಗೈಕ್ಯರಾದರು. ಮೊದಲ ಹನ್ನೆರಡು ವರ್ಷ ನಾನೇ ಕಾರ್ಯದರ್ಶಿ. ಆ ಹನ್ನೆರಡು ವರ್ಷದ ಅವಮಾನವನ್ನು ಹೇಳದೆ ಮುಂದಕ್ಕೆ ಹೋಗಲಾರೆ.

ಹಾಲಿನಲ್ಲಿ ಉದ್ದನೆಯ ಮೇಜು. ಆ ತುದಿಯಲ್ಲಿ ಅಧ್ಯಕ್ಷರು, ಈ ತುದಿಯಲ್ಲಿ ಅವರಿಗೆ ಎದುರಾಗಿ ನಾನು. ಅವರ ಬಲಕ್ಕೆ ದೊಡ್ಡ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಟ್ಯಾಂಕು. ಬೇರೆ ಯಾರೇ ಮಾತಾಡಲಿ, ಮುರುಗೇಶಪ್ಪ ಅವರ ಮುಖವನ್ನೇ ನೋಡುತ್ತ, ಮುಗುಳ್ನಗುತ್ತ, ತಲೆದೂಗುತ್ತ ಕೂರುತ್ತಿದ್ದರು. ಎಂಥ ಸಜ್ಜನಿಕೆ ಎಂದು ಜನ ಕರಗಿಹೋಗುತ್ತಿದ್ದರು. ನಾನು ಎದ್ದು "ಅಧ್ಯಕ್ಷರೇ" ಎಂದೆನೋ ಇಲ್ಲವೋ, ಅವರ ಮುಖ ಕಿಟಕಿ ಕಡೆ ತಿರುಗುತ್ತಿತ್ತು. ಗದ್ದ ತುಸು ಮೇಲಕ್ಕೆ, ಕಣ್ಣು ಅರ್ಧ ಮುಚ್ಚಿ. ನಾನು ಮುಗಿಸುವವರೆಗೆ ಅವರಿಗೆ ಟ್ಯಾಂಕಿನ ದರ್ಶನ, ನನಗೆ ಅವರ ಕೆನ್ನೆಯ ದರ್ಶನ. ಉಳಿದವರು ಮುಸಿಮುಸಿ ನಗುತ್ತಿದ್ದರು.

ಹದಿನಾಲ್ಕು ವರ್ಷದ ಹಿಂದೆ ಹಾಲಿನ ಮೆಟ್ಟಿಲಿನಲ್ಲಿ ಹಿರಿಯ ಸದಸ್ಯರೊಬ್ಬರು ಜಾರಿ ಬಿದ್ದರು. ಮುಂದಿನ ಸಭೆಯಲ್ಲಿ ನಾನು ಮೆಟ್ಟಿಲಿಗೆ ಕಂಬಿ ಹಾಕಿಸುವ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಎರಡೂ ಕಡೆ ಇರಬೇಕು, ಚೌಕ ಬೇಡ ದುಂಡಗಿರಲಿ, ತುದಿ ಗೋಡೆ ಕಡೆಗೆ ಬಾಗಿರಬೇಕು, ಇಲ್ಲದಿದ್ದರೆ ಹೆಂಗಸರ ಸೆರಗು ಸಿಕ್ಕಿಕೊಳ್ಳುತ್ತದೆ, ಹೀಗೆ ಒಂದೊಂದನ್ನೂ ಬಿಡಿಸಿ ಹೇಳಿದೆ. ಇಪ್ಪತ್ತು ನಿಮಿಷವೂ ಆ ಮನುಷ್ಯ ಟ್ಯಾಂಕನ್ನೇ ನೋಡಿದರು. ಕೊನೆಗೆ ತಿರುಗಿ, "ಆಯ್ತು. ಮುಂದಿನ ವಿಷಯ" ಎಂದರು. ನನ್ನ ಮೈ ಉರಿದುಹೋಯಿತು. ಅಲ್ಲೇ ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. ಹದಿನೈದು ದಿನಕ್ಕೆ ಮೆಟ್ಟಿಲಿಗೆ ಕಂಬಿ ಬಂತು. ದುಂಡಗೆ, ಎರಡೂ ಕಡೆ, ತುದಿ ಒಳಕ್ಕೆ ಬಾಗಿ. ನನ್ನ ಐಡಿಯಾ ಕದ್ದು ತಾನೇ ಟೇಪು ಕತ್ತರಿಸಿದ ಎಂದು ಬಳೇಪೇಟೆಯ ಅಂಗಡಿ ಅಂಗಡಿಗೂ ಹೇಳಿಕೊಂಡು ಬಂದೆ.

ಅವತ್ತಿನಿಂದ ಸಭೆಗೆ ಹೋಗುವುದನ್ನು ಬಿಡಲಿಲ್ಲ, ಬಾಯಿ ಬಿಡುವುದನ್ನು ಬಿಟ್ಟೆ. ಅದೇ ಕುರ್ಚಿಯಲ್ಲಿ ಅವರಿಗೆ ಎದುರಾಗಿ ಹದಿನಾಲ್ಕು ವರ್ಷ ತುಟಿ ಬಿಗಿದು ಕೂತೆ. ಅವರೂ ನೆಟ್ಟಗೆ ಕೂತೇ ಇದ್ದರು.

ಈಗ ಚಿತ್ರದ ವಿಷಯ. ಹೊಸ ಅಧ್ಯಕ್ಷ ಬಸವಪ್ರಭು, ನನಗಿಂತ ಹತ್ತು ವರ್ಷ ಚಿಕ್ಕವನು, ಉತ್ಸಾಹದ ಆಸಾಮಿ. ಗಾಂಧಿ ಬಜಾರಿನಲ್ಲಿ ಭಾನುವಾರ ಕೂತು ಓಡಾಡುವವರ ಸ್ಕೆಚ್ ಮಾಡುವ ಮಾನ್ಯ ಎಂಬ ಹುಡುಗಿಯನ್ನು ಹಿಡಿದು ತಂದ. ಚಿತ್ರಕಲೆ ಓದಿ ಮುಗಿಸಿದವಳು, ಮನುಷ್ಯರನ್ನು ಮಾತ್ರ ಬರೆಯುತ್ತಾಳೆ. ಅವಳು ಮುರುಗೇಶಪ್ಪನವರ ಫೋಟೋಗಳನ್ನೆಲ್ಲ ತರಿಸಿ ನೋಡಿ ತಲೆ ಮೇಲೆ ಕೈ ಹೊತ್ತಳು. ಯಾವುದರಲ್ಲೂ ದೇಹವೇ ಇರಲಿಲ್ಲ. ಎಲ್ಲದರಲ್ಲೂ ಗದ್ದದವರೆಗೆ ಹಾರ, ಹಾರದ ಮೇಲೆ ಶಾಲು, ಕೆಳಗೆ ಹಣ್ಣಿನ ಬುಟ್ಟಿ.

"ಮುಖ ಹೆಂಗೋ ಆಗುತ್ತೆ ಅಂಕಲ್. ಮನುಷ್ಯ ಕೂರೋ ರೀತಿ ಬೇಕಲ್ಲ. ಅವ್ರು ಹೆಂಗೆ ಕೂರ್ತಿದ್ರು ಅಂತ ಯಾರಾದ್ರೂ ತೋರಿಸ್ತೀರಾ?" ಎಂದು ಸಭೆಯಲ್ಲೇ ಕೇಳಿದಳು.

ತೋರಿಸದವರೇ ಇಲ್ಲ. ಒಬ್ಬರು ಕಾಲ ಮೇಲೆ ಕಾಲು ಹಾಕಿ ಕೂತರು. ಅದು ಗರ್ವ ಎಂದು ಇನ್ನೊಬ್ಬರು ಅವರನ್ನು ಎಬ್ಬಿಸಿ, ತಾವು ಕೈಕಟ್ಟಿ ಕೂತರು. ಅದು ಸಾಲಕ್ಕೆ ಬಂದವನ ಹಾಗಿದೆ ಎಂದು ಮತ್ತೊಬ್ಬರು. ಬಸವಪ್ರಭು ಎರಡೂ ಕೈಯನ್ನು ಕುರ್ಚಿಯ ತೋಳಿನ ಮೇಲೆ ಹರಡಿ, ಹೊಟ್ಟೆ ಒಳಗೆಳೆದು, ಮೆಜೆಸ್ಟಿಕ್‌ನ ಹೋರ್ಡಿಂಗಿನಲ್ಲಿ ಅಚ್ಚಾಗಲು ಸಿದ್ಧನಾದಂತೆ ಕೂತ. ಒಬ್ಬೊಬ್ಬರೂ ತಾವು ಸತ್ತ ಮೇಲೆ ಗೋಡೆಯಲ್ಲಿ ಹೇಗಿರಬೇಕೆಂದು ಆಸೆಪಟ್ಟಿದ್ದರೋ ಹಾಗೆ ಕೂತರು. ಮಾನ್ಯ ಮುಗುಳ್ನಗುತ್ತ ಎಲ್ಲವನ್ನೂ ಒಂದೊಂದು ನಿಮಿಷದಲ್ಲಿ ಗೀಚಿಕೊಂಡಳು.

ನಾನು ಬಾಗಿಲ ಬಳಿ ನಿಂತಿದ್ದೆ. ನನ್ನನ್ನೂ ಗೀಚಿದ್ದಳು. ನೋಡಿದೆ: ಎರಡೂ ಕೈ ಸೊಂಟದ ಮೇಲೆ, ಒಂದು ಪಾದ ಮುಂದೆ.

"ನೀವು ಯಾರ್ ಜೊತೆನೋ ಜಗಳಕ್ಕೆ ರೆಡಿ ಆಗಿದೀರ" ಎಂದಳು.

"ಉಪ್ಪಿಟ್ಟಿಗೆ ಕಾಯ್ತಿದೀನಿ ಕಣಮ್ಮ" ಎಂದೆ.

"ಇಲ್ಲ ಅಂಕಲ್. ಉಪ್ಪಿಟ್ಟಿಗೆ ಕಾಯೋರ ಪಾದ ಅಡುಗೆಮನೆ ಕಡೆ ಇರುತ್ತೆ. ನಿಮ್ದು ಆ ಖಾಲಿ ಕುರ್ಚಿ ಕಡೆ ಇದೆ."

ಪೊಗರಿನ ಹುಡುಗಿ ಎಂದುಕೊಂಡೆ. ಪಾದವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.

ಕುಳಿತು ಮಾದರಿಯಾಗಲು ಒಬ್ಬರು ಬೇಕೆಂದಾಗ ಎಲ್ಲರ ಉತ್ಸಾಹ ಇಳಿಯಿತು. ಮುರುಗೇಶಪ್ಪನವರ ಕೋಟನ್ನೇ ಹಾಕಿಕೊಂಡು ಕೂರಬೇಕು. ಸತ್ತವರ ಕೋಟು ಯಾರಿಗೆ ಬೇಕು? ಆಗ ಬಸವಪ್ರಭು ಕೆಳಗಿನ ಅಂಗಡಿಯ ಟೈಲರ್ ಮಾಯಣ್ಣನನ್ನು ಕರೆಸಿದ. ಮಾಯಣ್ಣ ನಲವತ್ತು ವರ್ಷದಿಂದ ನಮ್ಮೆಲ್ಲರಿಗೂ ಕೋಟು ಹೊಲಿದವನು. ನಮ್ಮನ್ನೆಲ್ಲ ಒಂದು ಸಲ ನೋಡಿ, "ಅವ್ರದೂ ನಾಗಭೂಷಣ್ ಸಾಹುಕಾರ್ರದೂ ಒಂದೇ ಅಳತೆ. ಹೊಟ್ಟೇನೂ ಅಷ್ಟೇ" ಎಂದುಬಿಟ್ಟ. ಎಲ್ಲರೂ ಕೈ ಎತ್ತಿದರು. ಠರಾವು ಪಾಸಾಯಿತು.

ನಾನು ಸಿಟ್ಟಿನಿಂದ ಬಾಯಿ ತೆರೆದವನು ಮುಚ್ಚಿಕೊಂಡೆ. ತಲೆಯಲ್ಲಿ ಬೆಳಕು ಹರಿದಿತ್ತು. ಮುರುಗೇಶಪ್ಪ ಹೇಗೆ ಕೂರುತ್ತಿದ್ದರು ಎಂದು ತೋರಿಸುವವನು ನಾನೇ ತಾನೇ? ತೋರಿಸುತ್ತೇನೆ. ಮುಖ ತಿರುಗಿಸಿದ ಮುರುಗೇಶಪ್ಪ, ಗದ್ದ ಎತ್ತಿದ ಮುರುಗೇಶಪ್ಪ, ಎದುರಿನ ಮನುಷ್ಯನನ್ನು ಹುಳಕ್ಕೆ ಸಮ ಮಾಡುವ ಮುರುಗೇಶಪ್ಪ ಈ ಗೋಡೆಯ ಮೇಲೆ ಕಟ್ಟಡ ಇರುವವರೆಗೂ ಇರಲಿ. ಬಂದವರೆಲ್ಲ ನೋಡಲಿ, ಎಂಥ ಜಂಬದ ಮನುಷ್ಯ ಎನ್ನಲಿ.

ಮನೆಯಲ್ಲಿ ಹೆಂಡತಿ ಮಹಾನಂದ ಹಣೆ ಚಚ್ಚಿಕೊಂಡಳು. "ಬದುಕಿದ್ದಾಗ ಒಂದು ಲೋಟ ನೀರಿಗೂ ಅವ್ರ ಮನೆಗೆ ಹೋಗ್ಲಿಲ್ಲ. ಈಗ ಅವ್ರ ಕೋಟಲ್ಲಿ ತೂರಿಕೊಳ್ತೀರಾ?"

"ಸಂಘದ ಕೆಲಸ ಕಣೆ."

"ನಿಮ್ಮ ಮುಖ ನೋಡಿದ್ರೆ ಸಂಘದ ಕೆಲಸದ ಹಾಗಿಲ್ಲ. ಹಬ್ಬದ ಹಾಗಿದೆ" ಎಂದು ಒಳಗೆ ಹೋದಳು.

ಮರುದಿನ ಬೆಳಗ್ಗೆ ಹತ್ತಕ್ಕೆ ಹಾಲಿನಲ್ಲಿ ನಾನು, ಮಾನ್ಯ ಇಬ್ಬರೇ. ಕೋಟು ಎರಕ ಹೊಯ್ದಂತೆ ಕೂತಿತು, ಅದೂ ಸಿಟ್ಟು ಬರಿಸಿತು. ಬೆಳಕು ಚೆನ್ನಾಗಿದೆ ಎಂದು ಮಾನ್ಯ ಮೇಜಿನ ಈ ತುದಿಯ ಕುರ್ಚಿಯಲ್ಲಿ, ಅಂದರೆ ನನ್ನ ಕುರ್ಚಿಯಲ್ಲಿ, ಹಲಗೆ ಇಟ್ಟುಕೊಂಡು ಕೂತಳು. ನಾನು ಮೊದಲ ಸಲ ಅಧ್ಯಕ್ಷರ ಕುರ್ಚಿಯಲ್ಲಿ ಕೂತೆ. ಮುಖವನ್ನು ಕಿಟಕಿ ಕಡೆ ತಿರುಗಿಸಿದೆ.

ಹನ್ನೆರಡು ವರ್ಷ ಹಲ್ಲು ಕಡಿಯುತ್ತ ನೋಡಿದ ಭಂಗಿ. ನನ್ನ ತಂದೆ ಹೇಗೆ ಕೂರುತ್ತಿದ್ದರೆಂದು ಕೇಳಿದರೆ ತಡವರಿಸುತ್ತೇನೆ; ಇದನ್ನು ಕೂದಲೆಳೆಯಷ್ಟೂ ತಪ್ಪದೆ ಬಲ್ಲೆ. ಎದೆ ಮೇಜಿನ ಅಂಚಿಗೆ ತಾಗುವಷ್ಟು ಮುಂದೆ. ಎಡಭುಜ ಇನ್ನೂ ಮುಂದೆ. ಕಾಲು ಕುರ್ಚಿಯಡಿ, ಹಿಮ್ಮಡಿ ಎತ್ತಿ. ಉಂಗುರದ ಬೆರಳಿನಿಂದ ಮೇಜನ್ನು ಟಕಟಕ ಕುಟ್ಟುವುದು ಅವರ ಚಾಳಿ. ನಾನು ಮಾತಾಡುವಾಗ ಮಾತ್ರ ಆ ಕೈಯನ್ನು ಇನ್ನೊಂದು ಕೈಯಡಿ ಅದುಮಿಟ್ಟುಕೊಳ್ಳುತ್ತಿದ್ದರು. ಕುಟ್ಟುವಷ್ಟು ಮರ್ಯಾದೆಯೂ ನನಗಿಲ್ಲ ಎಂದು ಅದಕ್ಕೂ ಉರಿದುಕೊಂಡಿದ್ದೆ. ಈಗ ಅದನ್ನೂ ಬಿಡದೆ ಮಾಡಿ ತೋರಿಸಿದೆ.

ಹತ್ತು ನಿಮಿಷ ಪೆನ್ಸಿಲಿನ ಸದ್ದು. ಆಮೇಲೆ ನಿಂತಿತು.

"ಅಂಕಲ್, ಇದು ಹೆಂಗೆ ಕೂತಿರೋದು?"

"ಜಂಬದಲ್ಲಿ."

"ಜಂಬದಲ್ಲಿ ಬೆನ್ನು ಹಿಂದಕ್ಕೆ ಹೋಗುತ್ತೆ. ಇದು ಮುಂದಕ್ಕೆ ಬಂದಿದೆ."

"ಹಾಗಾದ್ರೆ ತಾತ್ಸಾರದಲ್ಲಿ."

"ತಾತ್ಸಾರ ಇದ್ರೆ ಹಿಮ್ಮಡಿ ಯಾಕೆ ಎತ್ತಿರುತ್ತೆ? ಕಾಲು ಚಾಚಿರ್ಬೇಕು. ನೋಡಿ, ಮೈಯೆಲ್ಲ ನನ್ನ ಕಡೆ ಬರ್ತಿದೆ, ಮುಖ ಒಂದು ಆ ಕಡೆ ಹೋಗಿದೆ. ಎರಡೂ ಸೇರ್ತಾ ಇಲ್ಲ. ನಿಮಗೆ ಸರಿಯಾಗಿ ಜ್ಞಾಪಕ ಇದೆಯಾ?"

ನನ್ನ ಜ್ಞಾಪಕವನ್ನು ಪ್ರಶ್ನಿಸುತ್ತಾಳೆ! ಕುತ್ತಿಗೆ ಅಲ್ಲಾಡಿಸುವಂತಿಲ್ಲ, ಕಿಟಕಿಗೇ ಹೇಳಿದೆ: "ನೀನು ಸುಮ್ನೆ ಕಂಡದ್ದು ಬರಿ ತಾಯಿ. ಅರ್ಥ ನಾನು ನೋಡ್ಕೊಳ್ತೀನಿ."

ಅರ್ಧ ಗಂಟೆಯಾಯಿತು. ಕೂತು ನೋಡಿದವರಿಗೇ ಗೊತ್ತು ಆ ಭಂಗಿಯ ಕಷ್ಟ. ಮೀನಖಂಡ ಸೆಳೆಯಿತು, ಕುತ್ತಿಗೆ ಕಲ್ಲಾಯಿತು, ಬೆನ್ನಿನಲ್ಲಿ ಬೆವರು. ಒಬ್ಬ ಮನುಷ್ಯನಿಗೆ ಅವಮಾನ ಮಾಡಲು ಇಷ್ಟು ಕಷ್ಟಪಡಬೇಕೇ ಎನಿಸಿತು. ನಾನಾಗಿದ್ದರೆ ಆರಾಮಾಗಿ ಹಿಂದಕ್ಕೊರಗಿ ಅವಮಾನ ಮಾಡುತ್ತಿದ್ದೆ. ಟ್ಯಾಂಕಿನ ಮೇಲೆ ಒಂದು ಕಾಗೆ ಬಂದು ಕೂತು ಹೋಯಿತು. ಅದನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಆಗ ಬಾಗಿಲಲ್ಲಿ ಯಾರೋ ನಿಂತದ್ದು ಕಣ್ಣಂಚಿಗೆ ಕಂಡಿತು. ಶೈಲಜಮ್ಮ, ಮುರುಗೇಶಪ್ಪನವರ ಹೆಂಡತಿ. ಕೋಟಿನ ಜೊತೆ ಪೇಟ ಕಳಿಸಲು ಮರೆತಿದ್ದರಂತೆ, ತಾವೇ ತಂದಿದ್ದರು. ಒಳಗೆ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದರು. ನನ್ನ ಕಳ್ಳತನ ಸಿಕ್ಕಿಬಿತ್ತು ಎಂದುಕೊಂಡೆ. ಗಂಡನನ್ನು ಅಣಕಿಸುತ್ತಿದ್ದೇನೆಂದು ಪೇಟವನ್ನು ನನ್ನ ಮುಖಕ್ಕೇ ಎಸೆದರೂ ತಪ್ಪಿರಲಿಲ್ಲ.

"ಅಯ್ಯೋ ಶಿವನೇ" ಎಂದರು. "ಅವ್ರು ಕೇಳಿಸ್ಕೊಳ್ತಿದ್ದಿದ್ದು ಹಿಂಗೇ."

ಪೆನ್ಸಿಲು ಮತ್ತೆ ನಿಂತಿತು. "ಕೇಳಿಸ್ಕೊಳ್ತಿದ್ದಿದ್ದಾ?" ಎಂದಳು ಮಾನ್ಯ.

ಶೈಲಜಮ್ಮ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು. ಚಿಕ್ಕವರಿದ್ದಾಗಲೇ ಕಿವಿ ಸೋರಿ ಬಲಗಡೆದು ಪೂರ್ತಿ ಹೋಗಿತ್ತು. ಎಡಗಡೆದು ಅರ್ಧ. ಅಂಗಡೀಲಿ ನಡೀತಿತ್ತು, ಬಳೆ ಅಳತೆ ಕೈಯಲ್ಲೇ ತೋರಿಸ್ತಾರಲ್ಲ. ಕಿವುಡ ಅಧ್ಯಕ್ಷ ಅಂತಾರೆ ಅಂತ ಮಿಷನ್ ಹಾಕ್ಕೊಳ್ಲಿಲ್ಲ. ಏನಾದ್ರೂ ಕೇಳ್ಬೇಕು ಅನ್ನಿಸ್ದಾಗ ಎಡಗಿವಿ ಆ ಕಡೆ ಕೊಟ್ಟು, ಕಣ್ಣು ಮುಚ್ಕೊಂಡು, ಉಸಿರು ಬಿಗಿಹಿಡ್ದು ಕೂರೋರು. ಮನೇಲಿ ನನ್ನ ಮುಂದೆ ಹಿಂಗೆ ಕೂರ್ತಿದ್ರು. ಡಾಕ್ಟ್ರ ಮುಂದೆ ಒಂದು ಸಲ."

"ಸಭೆಯಲ್ಲಿ ಎಲ್ಲರ ಮುಖ ನೋಡ್ಕೊಂಡು ನಗ್ತಿದ್ರಲ್ಲ?" ಎಂದೆ. ನನ್ನ ಮುಖ ಇನ್ನೂ ಕಿಟಕಿ ಕಡೆಯೇ ಇತ್ತು.

"ಏನೂ ಕೇಳಿಸ್ತಿರ್ಲಿಲ್ಲ. ನಗ್ತಿದ್ರು, ಅಷ್ಟೇ. ಅವರೆಲ್ಲ ಹೇಳೋದು ಊಟದ್ದು, ಹಾರದ್ದು. ನಾಗಭೂಷಣ್ ಒಬ್ಬ ಕೆಲಸದ ಮಾತಾಡ್ತಾನೆ, ಅದೊಂದು ತಪ್ಪಿಸ್ಬಾರದು ಅಂತಿದ್ರು."

ಭಂಗಿ ಬಿಡಬಹುದು ಎಂದು ಮಾನ್ಯ ಹೇಳಿದಳು. ನನಗೆ ಬಿಡಲಾಗಲಿಲ್ಲ. ತಿರುಗಿದರೆ ಇಬ್ಬರು ಹೆಂಗಸರಿಗೂ ನನ್ನ ಮುಖ ಕಾಣುತ್ತಿತ್ತು.

"ನೀವು ಮಾತು ಬಿಟ್ಟ ಮೇಲೆ," ಶೈಲಜಮ್ಮ ಮುಂದುವರಿಸಿದರು, "ಪ್ರತಿ ಸಭೆ ಮುಗಿಸ್ಕೊಂಡು ಬಂದು ಚಪ್ಪಲಿ ಬಿಡ್ತಾ ಒಂದೇ ಮಾತು. 'ಇವತ್ತೂ ಏನೂ ಕೇಳಿಸ್ಲಿಲ್ಲ ಕಣೆ.' ಹೋಗಿ ಮಾತಾಡಿಸಿ ಅಂದ್ರೆ, ಅವನಿಗೆ ನನ್ನ ಮುಖ ಕಂಡ್ರೆ ಆಗಲ್ಲ ಅನ್ನೋರು. ನನ್ನ ಮೇಲೆ ಆಣೆ ಇತ್ತು. ಈಗ ಅವರೇ ಇಲ್ಲ."

ಅವರು ಪೇಟವನ್ನು ಮೇಜಿನ ಮೇಲಿಟ್ಟು ಹೊರಟರು. ಹೊರಗಿನವರಿಗೆ ಮಾತ್ರ ಹೇಳಬೇಡಿ ಎಂದು ನನ್ನಿಂದಲೂ ಮಾತು ತೆಗೆದುಕೊಂಡರು. ಇದನ್ನು ಈಗ ಬರೆಯುತ್ತಿರುವುದು ಅವರ ಒಪ್ಪಿಗೆ ಪಡೆದೇ. ನಿಜ ಹೇಳಬೇಕೆಂದರೆ ಆಮೇಲೆ ಅವರೇ ಅರ್ಧ ಬಸವನಗುಡಿಗೆ ಹೇಳಿದ್ದಾರೆ.

ಮಧ್ಯಾಹ್ನ ಮೆಟ್ಟಿಲಿಳಿಯುವಾಗ ಕಾಲು ಜೋಮು ಹಿಡಿದಿತ್ತು. ಕಂಬಿ ಹಿಡಿದುಕೊಂಡೆ. ದುಂಡಗಿತ್ತು. ತುದಿ ಗೋಡೆ ಕಡೆಗೆ ಬಾಗಿತ್ತು. ಇಪ್ಪತ್ತು ನಿಮಿಷದ ನನ್ನ ಮಾತಿನಲ್ಲಿ ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ. ಹದಿನಾಲ್ಕು ವರ್ಷ ಅದನ್ನು ಹಿಡಿದೇ ಹತ್ತಿ ಇಳಿದಿದ್ದೇನೆ, ಕಳ್ಳ ಎಂದು ಬೈಯುತ್ತ. ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ಟೆ. ಮಾಯಣ್ಣ ಹೊಲಿಗೆ ಯಂತ್ರ ನಿಲ್ಲಿಸಿ ಏನಾಯಿತೆಂದು ಕೇಳಿದ. ಕೋಟು ಬಿಗಿ ಎಂದೆ.

ಚಿತ್ರ ಮುಗಿದಾಗ ಬಸವಪ್ರಭು ನೋಡಿ ಹೌಹಾರಿದ. ನನ್ನ ಕುರ್ಚಿಯಿಂದ ಬರೆದದ್ದರಿಂದ ಕಾಗದದ ನಟ್ಟನಡುವೆ ಮುರುಗೇಶಪ್ಪನವರ ಎಡಗಿವಿಯೇ ಇತ್ತು.

"ಏನಮ್ಮ ಇದು? ಅಧ್ಯಕ್ಷರ ಚಿತ್ರ ಕೇಳಿದ್ರೆ ಕಿವಿ ಚಿತ್ರ ಬರ್ದಿದೀಯ! ಮುಖ ಬೇರೆ ತಿರುಗಿಸ್ಕೊಂಡಿದಾರೆ. ಇದನ್ನ ನೋಡಿದೋರು ಏನಂತಾರೆ?" ಎಂದವನು ನನ್ನ ಕಡೆ ತಿರುಗಿದ. "ಸಾಹುಕಾರ್ರೇ, ನೀವು ಮಾಡ್ಸಿದ್ದು ಇದು. ನಮಗೂ ಗೊತ್ತಾಗುತ್ತೆ. ಸತ್ತೋರ ಮೇಲೆ ಇಷ್ಟು ಹಗೆ ಬೇಡ. ನೆಟ್ಟಗೆ ಕೂರಿಸಿ ಇನ್ನೊಂದು ಬರೆಸ್ತೀನಿ."

ನ್ಯಾಯವಾದ ಮಾತು, ಎರಡು ದಿನ ತಡವಾಗಿ ಬಂದಿತ್ತು. ಎರಡು ದಿನದ ಹಿಂದೆ ಈ ಚಿತ್ರ ಗೋಡೆ ಏರಬೇಕೆಂದು ನನಗಿದ್ದ ಹಟ ದೊಡ್ಡದು. ಈಗಿನ ಹಟ ಅದಕ್ಕಿಂತ ದೊಡ್ಡದು, ಆದರೆ ಕಾರಣ ಹೇಳುವಂತಿಲ್ಲ. ನೆಟ್ಟಗೆ ಕೂರಿಸಿದರೆ ಏನೂ ಕೇಳಿಸದ ಮುರುಗೇಶಪ್ಪ ಗೋಡೆಯ ಮೇಲೆ ಸುಮ್ಮನೆ ನಗುತ್ತ ಕೂತಿರುತ್ತಾರೆ.

"ಇದೇ ಇರ್ಲಿ" ಎಂದೆ.

"ಯಾಕೆ?"

"ಅವ್ರು ಹೀಗೇ ಕೂರ್ತಿದ್ರು. ನಾನು ನೋಡಿದೀನಿ."

"ನಿಮ್ಮ ಮುಂದೆ ಮಾತ್ರ ಹಂಗೆ ಕೂರ್ತಿದ್ರು!"

"ಹೌದು" ಎಂದೆ. "ನನ್ನ ಮುಂದೆ ಮಾತ್ರ." ಅಷ್ಟು ಹೇಳುವಾಗ ನನ್ನ ದನಿ ಏಕೋ ಎಡವಿತು. ಬಸವಪ್ರಭು ಅದನ್ನು ಸಿಟ್ಟು ಎಂದು ತಿಳಿದು ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಶೈಲಜಮ್ಮನಿಗೆ ಫೋನು ಮಾಡಿದ. ಮನೆಯವರು ಒಪ್ಪಿದರೆ ಸಂಘ ಏನು ಮಾಡಲಿಕ್ಕಾಗುತ್ತದೆ?

ಶ್ರಾವಣದ ಕೊನೆಯ ಭಾನುವಾರ ಅನಾವರಣ. ಹಾಲ್ ತುಂಬಿತ್ತು. ಚಿತ್ರವನ್ನು ಅಧ್ಯಕ್ಷರ ಕುರ್ಚಿಯ ಹಿಂದಿನ ಗೋಡೆಗೆ ಹಾಕಿಸಿದ್ದೆ, ಕಿವಿ ನನ್ನ ಕುರ್ಚಿಗೆ ನೇರ ಬರುವಂತೆ, ಅಳತೆ ಹಿಡಿದು. ಪರದೆ ಸರಿಯಿತು. ಚಪ್ಪಾಳೆಯ ಬದಲು ಗುಸುಗುಸು. "ನಾಗಭೂಷಣ್ ಬಿಡ್ಲಿಲ್ಲ ನೋಡು." "ಸತ್ತ ಮೇಲೂ ಮುಖ ತಿರುಗಿಸೋ ಹಾಗೆ ಮಾಡ್ದ." ಮಹಾನಂದ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ, "ನಾಳೆಯಿಂದ ಗಾಂಧಿ ಬಜಾರಿಗೆ ಹೆಂಗೆ ಹೋಗ್ಲಿ ನಾನು?" ಎಂದಳು.

ಮಾದರಿಯಾಗಿ ಕೂತವರು ಎರಡು ಮಾತಾಡಬೇಕೆಂದು ಬಸವಪ್ರಭು, ಇಷ್ಟವಿಲ್ಲದಿದ್ದರೂ, ಮೈಕಿನಲ್ಲಿ ಹೇಳಿದ. ನಾನು ಮೈಕಿನ ಹತ್ತಿರ ಹೋಗಲಿಲ್ಲ. ನನ್ನ ಕುರ್ಚಿಯ ಬಳಿ ಎದ್ದು ನಿಂತೆ, ಮೊದಲಿನ ಹಾಗೆ. ಹದಿನಾಲ್ಕು ವರ್ಷದ ಮೇಲೆ.

"ಅಧ್ಯಕ್ಷರೇ" ಎಂದೆ.

ಬಸವಪ್ರಭು ತನ್ನನ್ನೇ ಕರೆದೆ ಎಂದು ಕುರ್ಚಿಯಲ್ಲಿ ಸರಿಯಾಗಿ ಕೂತು ಮುಗುಳ್ನಕ್ಕ. ನಾನು ಅವನ ತಲೆಯ ಮೇಲಿನ ಚಿತ್ರ ನೋಡುತ್ತಿದ್ದೆ. ಎತ್ತಿದ ಹಿಮ್ಮಡಿ, ಮುಂದೆ ಬಂದ ಭುಜ, ಅದುಮಿಟ್ಟ ಕೈ. ಕ್ಷಮಿಸಿ ಎನ್ನಲು ಹೊರಟೆ, ಬರಲಿಲ್ಲ, ಅಭ್ಯಾಸವಿಲ್ಲ. ಜನ ಕಾಯುತ್ತಿದ್ದರು.

"ಕೇಳಿಸ್ತಿದೆಯಲ್ಲ?" ಎಂದೆ.

ಹಾಲೆಲ್ಲ ಗೊಳ್ಳೆಂದು ನಕ್ಕಿತು. ಹಳೆಯ ಹಗೆಯನ್ನು ಮತ್ತೊಮ್ಮೆ ಚುಚ್ಚಿದೆ ಎಂದುಕೊಂಡರು. ಮಹಾನಂದ ಸೆರಗನ್ನು ಮುಖದ ಮೇಲೆಳೆದುಕೊಂಡಳು. ಮೊದಲ ಸಾಲಿನಲ್ಲಿದ್ದ ಶೈಲಜಮ್ಮ ಮಾತ್ರ ಹಿಂದಕ್ಕೆ ತಿರುಗಿ, ನಗು ನಿಲ್ಲುವವರೆಗೆ ಕಾದರು.

"ಕೇಳಿಸ್ತಿದೆ" ಎಂದರು. "ಹೇಳಿ."

ನಾನು ಗಂಟಲು ಸರಿಮಾಡಿಕೊಂಡೆ. "ಮೆಟ್ಟಿಲ ಮೇಲಿನ ಬಲ್ಬು ಹೋಗಿ ಮೂರು ತಿಂಗಳಾಯ್ತು" ಎಂದು ಶುರುಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದೆ.